ಮೂರನೆಯ ಸೀಸೆ

ಚಿಂಚೋಳಿ, ಸೇಡಂ ಕಡೆಯವರು ತಾಂಡೂರು ದಾಟಿ ಚೇವೆಳ್ಳದ ಮೇಲೆ ಹೈದರಾಬಾದಿಗೆ ಬಂದರೆ ಅವರ ಪಾಲಿಗೆ ನಗರದ ಬಾಗಿಲು ಮೆಹದಿಪಟ್ಟಣಂ. ಜನ ಇಂದಿಗೂ ಬಿಜಾಪುರ ರಸ್ತೆ ಎಂದೇ ಕರೆಯುವ ದಾರಿ ಅದು. ರೈತು ಬಜಾರಿನ ಸೊಪ್ಪಿನ ರಾಶಿ, ಆಟೋಗಳ ಕೂಗು, ಮೇಲೆ 11.6 ಕಿಲೋಮೀಟರ್ ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ. ಅದರ ಕಂಬಗಳಿಗೆ ಬರೆದ ನಂಬರೇ ಇಲ್ಲಿ ಅರ್ಧ ಊರಿಗೆ ವಿಳಾಸ. ಹೀಗೆ ಬಸ್ಸಿಳಿಯುವವರಲ್ಲಿ ರಿಪೋರ್ಟು, ಸ್ಕ್ಯಾನ್ ಫಿಲ್ಮುಗಳ ಚೀಲ ಹಿಡಿದವರು ಯಾವಾಗಲೂ ಇರುತ್ತಾರೆ. ಕಲಬುರಗಿ ಸೀಮೆಯವರಿಗೆ ದೊಡ್ಡ ದವಾಖಾನಿ ಎಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದು. ಹೊಟ್ಟೆಯ ಕಾಯಿಲೆಗೆ ತೋರಿಸಿಕೊಂಡು ಹೋದವರನ್ನು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಥರ: ‘ಕ್ಯಾಮೆರಾ ಬಿಟ್ಟು ನೋಡ್ಯಾರ್ರಿ, ತುಣುಕ ತೆಗೆದು ಟೆಸ್ಟಿಗೆ ಕಳಿಸ್ಯಾರ.’

ಈ ಅಂಕಣ ಆ ತುಣುಕಿನ ಬಗ್ಗೆ.

ತುಣುಕು ಎಂದರೆ ಎರಡು-ಮೂರು ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಕೊಲೊನೊಸ್ಕೋಪಿನ ಕೊಳವೆಯೊಳಗಿಂದ ಇಳಿಬಿಟ್ಟ ತೆಳ್ಳನೆಯ ಚಿಮ್ಮಟ ಕರುಳಿನ ಒಳಪದರವನ್ನು ಕಚ್ಚಿ ಎಳೆದಾಗ ಬರುವ ನಸುಗೆಂಪು ಚೂರು. ಕರುಳಿನ ಒಳಪೊರೆಯಲ್ಲಿ ಮುಟ್ಟಿದ್ದು ಗೊತ್ತಾಗುವಂಥ ನೋವಿನ ನರಗಳಿಲ್ಲದ ಕಾರಣ ರೋಗಿಗೆ ಚಿಮ್ಮಟ ಕಚ್ಚಿದ್ದೇ ತಿಳಿಯುವುದಿಲ್ಲ. ನರ್ಸ್ ಅದನ್ನು ಸೂಜಿಮೊನೆಯಿಂದ ಬಿಡಿಸಿ ಒಂದು ಪುಟ್ಟ ಸೀಸೆಗೆ ಹಾಕುತ್ತಾರೆ. ಸೀಸೆಯಲ್ಲಿರುವುದು ಫಾರ್ಮಲಿನ್. ಬಿದ್ದ ಗಳಿಗೆಯಿಂದಲೇ ಅದು ಜೀವಕೋಶಗಳ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿಯತೊಡಗುತ್ತದೆ. ಕೋಶ ಸಾಯುತ್ತದೆ, ಆದರೆ ಆಕಾರ ಕೆಡುವುದಿಲ್ಲ. ಪೆಥಾಲಜಿಸ್ಟರಿಗೆ ಬೇಕಾದದ್ದೂ ಅದೇ. ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ನೋಡಲು ಸತ್ತ ಆದರೆ ಅಚ್ಚುಕಟ್ಟಾದ ಅಂಗಾಂಶ ಸಾಕು.

ನಮ್ಮ ದೇಶದಲ್ಲಿ ಅನೇಕ ಸಲ ಎರಡನೆಯ ಸೀಸೆಯೂ ಇರುತ್ತದೆ. ಕರುಳಿನ ಕ್ಷಯಕ್ಕೂ ಕ್ರೋನ್ಸ್ ಎಂಬ ಉರಿಯೂತದ ಕಾಯಿಲೆಗೂ ಕ್ಯಾಮೆರಾದಲ್ಲಿ ಕಾಣುವ ಹುಣ್ಣುಗಳು ಗೊಂದಲ ಹುಟ್ಟಿಸುವಷ್ಟು ಹತ್ತಿರ. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಅಪಾಯ: ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಅಡಗಿದ್ದ ಕ್ಷಯ ಭುಗಿಲೇಳಬಹುದು. ಹಾಗಾಗಿ ಇನ್ನೊಂದು ಚೂರನ್ನು ಸಲೈನಿನಲ್ಲಿ ಹಾಕಿ ಕ್ಷಯದ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಲ್ಚರಿಗೂ ಕಳಿಸುತ್ತಾರೆ. ಅದನ್ನು ಮರೆತು ಫಾರ್ಮಲಿನ್ನಿಗೇ ಹಾಕಿಬಿಟ್ಟರೆ ಕ್ಷಯದ ಬ್ಯಾಕ್ಟೀರಿಯಾವೂ ಸತ್ತು, ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಎಂಡೋಸ್ಕೋಪಿ ಕೋಣೆಯ ಸಿಬ್ಬಂದಿಗೆ ಈ ಎರಡು ಸೀಸೆಗಳ ಶಿಸ್ತು ರೂಢಿಯಾಗಿದೆ. ನಾನು ಕೇಳುತ್ತಿರುವುದು ಮೂರನೆಯ ಸೀಸೆಯನ್ನು. ಅದರಲ್ಲಿ ರೋಗಿಯ ಜೀವಕೋಶಗಳೇ ಬದುಕಿರಬೇಕು.

ಏಕೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಕರುಳಿನ ಒಳಗೋಡೆಯ ಜೀವಕೋಶಗಳು ನಾಲ್ಕೈದು ದಿನ ಬದುಕಿ ಉದುರುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಮೈಯಲ್ಲಿ ಇಷ್ಟು ವೇಗವಾಗಿ ತನ್ನನ್ನು ತಾನು ಬದಲಿಸಿಕೊಳ್ಳುವ ಅಂಗಾಂಶ ಬಹಳ ಕಡಿಮೆ. ಗೋಡೆಯ ತುಂಬ ಸೂಕ್ಷ್ಮವಾದ ಗುಳಿಗಳಿವೆ, ಅವಕ್ಕೆ ಕ್ರಿಪ್ಟ್ ಎನ್ನುತ್ತಾರೆ. ಗುಳಿಯ ತಳದಲ್ಲಿ ಕುಳಿತ ಬೆರಳೆಣಿಕೆಯ ಕಾಂಡಕೋಶಗಳು ಜೀವನವಿಡೀ ವಿಭಜನೆಯಾಗುತ್ತಲೇ ಇರುತ್ತವೆ. 2007ರಲ್ಲಿ ನೆದರ್‌ಲೆಂಡ್ಸಿನ ಊಟ್ರೆಕ್ಟಿನಲ್ಲಿ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ನಿಕ್ ಬಾರ್ಕರ್ ಮತ್ತು ಸಂಗಡಿಗರು ಈ ಕಾಂಡಕೋಶಗಳ ಗುರುತಿನ ಚೀಟಿಯನ್ನು ಪತ್ತೆಹಚ್ಚಿದರು. ಎಲ್‌ಜಿಆರ್5 ಎಂಬ ಪ್ರೋಟೀನು ಅದು. ಎರಡು ವರ್ಷದ ನಂತರ, 2009ರಲ್ಲಿ, ಅದೇ ಪ್ರಯೋಗಾಲಯದ ಜಪಾನೀ ವಿಜ್ಞಾನಿ ತೋಶಿರೊ ಸಾತೊ ಇಲಿಯ ಕರುಳಿನ ಅಂಥ ಒಂದೇ ಒಂದು ಕೋಶವನ್ನು ತೆಗೆದು, ಬೇಕಾದ ಬೆಳವಣಿಗೆಯ ಅಂಶಗಳನ್ನು ಕೊಟ್ಟು, ಜೆಲ್ಲಿನಲ್ಲಿಟ್ಟು ಕಾದರು. ಗುಳಿಗಳೂ ಉಬ್ಬುಗಳೂ ಇರುವ, ನಡುವೆ ಪೊಳ್ಳಾದ ಪುಟಾಣಿ ಕರುಳೊಂದು ತಾನಾಗಿಯೇ ಕಟ್ಟಿಕೊಂಡಿತು. 2011ರ ಹೊತ್ತಿಗೆ ಮನುಷ್ಯರ ಕರುಳಿನ ಚೂರಿನಿಂದಲೂ ಇದು ಸಾಧ್ಯವಾಯಿತು. ಇದೇ ಆರ್ಗನಾಯ್ಡ್. ಯಾರ ಚೂರೋ ಅವರ ಜೀನುಗಳೇ ಅದರಲ್ಲಿರುತ್ತವೆ. ತಿಂಗಳುಗಟ್ಟಲೆ ಬೆಳೆಸಬಹುದು, ದ್ರವ ಸಾರಜನಕದಲ್ಲಿ ಇಟ್ಟು ವರ್ಷಗಳ ನಂತರ ಎಬ್ಬಿಸಬಹುದು.

ಆರ್ಗನಾಯ್ಡ್ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳೆಲ್ಲ ಈ ವಿಸ್ಮಯದಿಂದ ಶುರುವಾಗಿ ನಾಳೆಯ ಔಷಧಗಳತ್ತ ಹಾರಿಬಿಡುತ್ತವೆ. ನನಗೆ ಕುತೂಹಲ ಇರುವುದು ಅದಕ್ಕೂ ಮುಂಚಿನ ಹಂತದಲ್ಲಿ. ಚಿಮ್ಮಟದಿಂದ ಕಳಚಿದ ಚೂರು ಇನ್‌ಕ್ಯುಬೇಟರ್ ಸೇರುವ ತನಕದ ಕೆಲವು ಗಂಟೆಗಳಲ್ಲಿ. ಆರ್ಗನಾಯ್ಡ್ ಬೆಳೆಯುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಆಗಲೇ. ಆ ಗಂಟೆಗಳು ಇರುವುದು ವಿಜ್ಞಾನಿಯ ಕೈಯಲ್ಲಲ್ಲ. ನರ್ಸು, ಟೆಕ್ನೀಶಿಯನ್, ಸೀಸೆ ಒಯ್ಯುವ ಅಟೆಂಡರ್, ಇವರ ಕೈಯಲ್ಲಿ.

ಮೂರನೆಯ ಸೀಸೆಯಲ್ಲಿ ಇರಬೇಕಾದ್ದು ಐಸಿನಷ್ಟು ತಣ್ಣಗಿನ ಪೋಷಕ ದ್ರವ. ಉಪ್ಪು, ಸಕ್ಕರೆ, ಅಮೈನೊ ಆಮ್ಲ, ವಿಟಮಿನ್ನುಗಳ ಮಿಶ್ರಣ; ಜತೆಗೆ ಆ್ಯಂಟಿಬಯಾಟಿಕ್ಕು, ಶಿಲೀಂಧ್ರನಾಶಕ. ತಣ್ಣಗೇ ಏಕೆಂದರೆ ರಕ್ತದ ಸಂಪರ್ಕ ಕಡಿದ ಕೋಶ ಬೆಚ್ಚಗಿದ್ದರೆ ಇದ್ದಬದ್ದ ಆಮ್ಲಜನಕವನ್ನು ಬೇಗ ಮುಗಿಸಿಕೊಳ್ಳುತ್ತದೆ, ತಣ್ಣಗಿದ್ದರೆ ನಿಧಾನಿಸುತ್ತದೆ. ಹಾಗೆಂದು ಹೆಪ್ಪುಗಟ್ಟಿಸಿಬಿಟ್ಟರೆ ಒಳಗಿನ ನೀರು ಹರಳಾಗಿ ಕೋಶ ಒಡೆಯುತ್ತದೆ. ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಸರಿಯಾದ ದ್ರವದಲ್ಲಿದ್ದರೆ ಚೂರು ಒಂದು ರಾತ್ರಿ ಕಳೆದು ಮರುದಿನವೂ ಕೆಲಸಕ್ಕೆ ಬರುತ್ತದೆ. ಒಣಗಿದ ಗಾಜ್ ಬಟ್ಟೆಯ ಮೇಲೆ ಫ್ಯಾನಿನ ಗಾಳಿಗೆ ಬಿಟ್ಟರೆ ಕೆಲವು ನಿಮಿಷವೂ ಹೆಚ್ಚು. ಇನ್ನೊಂದು ಅನಾಹುತ ಇದಕ್ಕಿಂತ ಸಾಮಾನ್ಯ: ಒಂದೇ ಚಿಮ್ಮಟವನ್ನು ಮೊದಲು ಫಾರ್ಮಲಿನ್ ಸೀಸೆಯಲ್ಲಿ ಅದ್ದಿ, ಚೂರನ್ನು ಉದುರಿಸಿ, ಅದರಲ್ಲೇ ಮುಂದಿನ ಚೂರು ತೆಗೆಯುವುದು. ಕಣ್ಣಿಗೆ ಕಾಣದ ಆ ಒಂದು ತೊಟ್ಟು ಸಾಕು. ಅದಕ್ಕೇ ಅನುಭವಸ್ಥರು ಬದುಕಬೇಕಾದ ಚೂರನ್ನು ಮೊದಲು ತೆಗೆಸುತ್ತಾರೆ, ಫಾರ್ಮಲಿನ್ನಿನ ಸರದಿ ಕೊನೆಗೆ.

ಎಲ್ಲಿಂದ ತೆಗೆದದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹುಣ್ಣಿನ ನಡುವಿನಿಂದ ತೆಗೆದರೆ ಅಲ್ಲಿ ಒಳಪೊರೆಯೇ ಕಿತ್ತುಹೋಗಿರುತ್ತದೆ, ಕ್ರಿಪ್ಟುಗಳು ಎಲ್ಲಿಂದ ಬರಬೇಕು? ಅಂಚಿನಿಂದ ತೆಗೆಯಬೇಕು. ಸಣ್ಣ ಕರುಳಿನ ಚೂರಾದರೆ ಅದರಲ್ಲಿ ಗುಳಿಗಳ ಜತೆಗೆ ಬೆರಳಿನಂಥ ವಿಲ್ಲೈಗಳೂ ಇರುತ್ತವೆ. ಅವು ಈಗಾಗಲೇ ಬಲಿತು ಕೆಲಸಕ್ಕಿಳಿದ ಕೋಶಗಳು, ಮತ್ತೆ ಬೆಳೆಯವು. ದೊಡ್ಡ ಕರುಳಿನಲ್ಲಿ ವಿಲ್ಲೈ ಇಲ್ಲ, ಆ ತಾಪತ್ರಯವೂ ಇಲ್ಲ. ಬದಲಿಗೆ ಬ್ಯಾಕ್ಟೀರಿಯಾಗಳ ದಂಡೇ ಇದೆ.

ಪ್ರಯೋಗಾಲಯಕ್ಕೆ ಸೀಸೆ ಬಂದಾಗ ಮೊದಲ ಪರೀಕ್ಷೆಗೆ ಸೂಕ್ಷ್ಮದರ್ಶಕವೂ ಬೇಡ. ಚೀಟಿಯಲ್ಲಿ ಕೋಡ್ ನಂಬರು, ಕರುಳಿನ ಯಾವ ಭಾಗ, ತೆಗೆದ ಗಂಟೆ-ನಿಮಿಷ ಇದೆಯೇ? ಡಬ್ಬಿ ಇನ್ನೂ ತಣ್ಣಗಿದೆಯೇ? ದ್ರವದ ಬಣ್ಣ ಹೇಗಿದೆ? ಇಂಥ ದ್ರವಗಳಿಗೆ ಫೀನಾಲ್ ರೆಡ್ ಎಂಬ ಬಣ್ಣ ಬೆರೆಸಿರುತ್ತಾರೆ. ಸರಿಯಿದ್ದರೆ ಗುಲಾಬಿ ಕೆಂಪು, ಆಮ್ಲ ಏರಿದರೆ ಹಳದಿ. ಹಳದಿಗೆ ತಿರುಗಿ ಮಬ್ಬಾಗಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಹಬ್ಬ ಮಾಡಿವೆ ಎಂದರ್ಥ. ಆಮೇಲೆ ಚೂರಿನ ಮುಖ ನೋಡುವುದು. ನಸುಗೆಂಪಾಗಿ, ತೇವವಾಗಿ, ಚಿಮ್ಮಟದ ತುದಿ ತಾಗಿಸಿದರೆ ಸ್ವಲ್ಪ ಪುಟಿಯುವಂತಿದ್ದರೆ ಒಳ್ಳೆಯದು. ಬೂದು ಬಣ್ಣಕ್ಕೆ ತಿರುಗಿ ಲೊಳಲೊಳ ಆಗಿದ್ದರೆ ಅದರ ಮೇಲೆ ದುಬಾರಿ ಜೆಲ್ಲು ಸುರಿಯುವುದು ದಂಡ. ಹೆಪ್ಪುಗಟ್ಟಿದ ರಕ್ತ ಅಂಟಿದ್ದರೆ ಬಿಡಿಸಬೇಕು. ನಂತರ ತೊಳೆಯುವುದು: ತಣ್ಣನೆ ದ್ರವ ಹಾಕಿ ಅಲ್ಲಾಡಿಸು, ಚೂರು ತಳಕ್ಕಿಳಿಯಲು ಬಿಡು, ಮೇಲಿನದನ್ನು ಚೆಲ್ಲು. ಚೆಲ್ಲಿದ ನೀರು ತಿಳಿಯಾಗುವ ತನಕ ಇದೇ. ಎಷ್ಟು ಸಲ ಎಂದು ಪುಸ್ತಕದಲ್ಲಿ ಬರೆದ ಸಂಖ್ಯೆಗಿಂತ ಕಣ್ಣೇ ಮೇಲು ಎನ್ನುತ್ತಾರೆ ಈ ಕೆಲಸ ಮಾಡುವವರು.

ಇನ್ನು ಬಿಡಿಸುವ ಕೆಲಸ. ಕರುಳಿನ ಹೊದಿಕೆಯ ಕೋಶಗಳು ಒಂದಕ್ಕೊಂದು ಕೈಹಿಡಿದು ನಿಂತಿರುವುದು ಕ್ಯಾಲ್ಸಿಯಂ ಬಲದಿಂದ. ಇಡಿಟಿಎ ಎಂಬ ರಾಸಾಯನಿಕ ಆ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡುಬಿಡುತ್ತದೆ, ಹಿಡಿತ ಸಡಿಲುತ್ತದೆ. ತಣ್ಣಗಿನ ಇಡಿಟಿಎ ದ್ರಾವಣದಲ್ಲಿ ಚೂರನ್ನು ಅರ್ಧ ಗಂಟೆಯೋ ಸ್ವಲ್ಪ ಹೆಚ್ಚೋ ಮೆಲ್ಲಗೆ ಅಲುಗಾಡಿಸಿ, ಆಮೇಲೆ ಹೊಸ ದ್ರವದಲ್ಲಿ ಜೋರಾಗಿ ಕುಲುಕಿದರೆ ಪದರ ಪದರವಾಗಿ ಬಿಡುತ್ತದೆ. ಮೊದಲ ಕುಲುಕಿನಲ್ಲಿ ಬರುವುದು ಲೋಳೆ, ಸತ್ತ ಕೋಶ, ವಿಲ್ಲೈಗಳ ಚಿಂದಿ. ಅದನ್ನು ಚೆಲ್ಲಬೇಕು. ಹೊಸಬರು ತಪ್ಪುವುದು ಇಲ್ಲೇ, ಕಾಣಿಸಿದ್ದನ್ನೆಲ್ಲ ಎತ್ತಿಟ್ಟುಕೊಳ್ಳುವ ಆಸೆ. ಎರಡು, ಮೂರನೆಯ ಸುತ್ತಿನಲ್ಲಿ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ನೋಡಿದರೆ ಕ್ರಿಪ್ಟುಗಳು ಕಾಣುತ್ತವೆ: ಒಂದು ತುದಿ ದುಂಡಗೆ ಮುಚ್ಚಿದ, ಇನ್ನೊಂದು ತುದಿ ತೆರೆದ, ಅಂಚು ಸ್ಪಷ್ಟವಾಗಿರುವ ಗಿಡ್ಡ ಕೊಳವೆಗಳು. ಎಣಿಸುವುದು ಈಗ. ಬಿಡಿ ಕೋಶಗಳೇ ಹೆಚ್ಚಿದ್ದು ಕೊಳವೆಗಳು ಕಡಿಮೆಯಿದ್ದರೆ ಕುಲುಕಿದ್ದು ಜಾಸ್ತಿಯಾಯಿತು ಎಂದು ತಿಳಿಯಬೇಕು. ನೆರೆಯವರಿಂದ ಬೇರ್ಪಟ್ಟ ಕರುಳಿನ ಕೋಶ ತನ್ನಷ್ಟಕ್ಕೆ ತಾನೇ ಸಾಯುವ ಕಾರ್ಯಕ್ರಮವನ್ನು ಶುರುಮಾಡಿಕೊಳ್ಳುತ್ತದೆ. ಅದನ್ನು ತಡೆಯಲು ಮೊದಲ ಒಂದೆರಡು ದಿನ ದ್ರವಕ್ಕೆ ಒಂದು ಪ್ರತಿರೋಧಕವನ್ನು ಬೆರೆಸುತ್ತಾರಾದರೂ ಕುಲುಕಿ ಹಾಳುಮಾಡಿದ್ದನ್ನು ಅದು ಪೂರ್ತಿ ಸರಿಮಾಡದು.

ಕ್ರಿಪ್ಟುಗಳನ್ನು ಕೂರಿಸುವ ಜೆಲ್ಲಿನ ಹೆಸರು ಮ್ಯಾಟ್ರಿಜೆಲ್. ಬೆಣ್ಣೆ ತಣ್ಣಗಿದ್ದರೆ ಗಟ್ಟಿ, ಬಿಸಿಯಾದರೆ ನೀರು, ಇದು ತದ್ವಿರುದ್ಧ. ಐಸಿನಲ್ಲಿ ದ್ರವವಾಗಿರುತ್ತದೆ, ಕೋಣೆಯ ಶಾಖಕ್ಕೇ ಗಟ್ಟಿಯಾಗತೊಡಗುತ್ತದೆ. ಹೈದರಾಬಾದಿನ ಮೇ ತಿಂಗಳಲ್ಲಿ ಕರೆಂಟು ಹೋಗಿ ಎಸಿ ನಿಂತರೆ ಪೈಪೆಟ್ಟಿನ ತುದಿಯಲ್ಲೇ ಕಟ್ಟಿಕೊಂಡೀತು. ಹಾಗಾಗಿ ತುದಿಗಳನ್ನೂ ಮೊದಲೇ ತಣ್ಣಗೆ ಮಾಡಿಟ್ಟುಕೊಂಡು, ಗುಳ್ಳೆ ಬರದಂತೆ, 24 ಗುಣಿಗಳ ತಟ್ಟೆಯಲ್ಲಿ ಐವತ್ತು ಮೈಕ್ರೊಲೀಟರಿನಷ್ಟು ಹನಿ ಬಿಡುತ್ತಾರೆ. ತಟ್ಟೆಯನ್ನು 37 ಡಿಗ್ರಿಯಲ್ಲಿಟ್ಟು, ಕ್ರಿಪ್ಟುಗಳು ತಳಕ್ಕೆ ಅಂಟದಿರಲಿ ಎಂದು ಬೋರಲು ಹಾಕುವವರೂ ಇದ್ದಾರೆ. ಹನಿ ಗುಮ್ಮಟದಂತೆ ಗಟ್ಟಿಯಾದ ಮೇಲೆ ಮೇಲಿಂದ ಪೋಷಕ ದ್ರವ. ಅದರಲ್ಲಿ ಕಾಂಡಕೋಶಕ್ಕೆ ‘ನೀನಿನ್ನೂ ಗುಳಿಯ ತಳದಲ್ಲೇ ಇದ್ದೀಯೆ’ ಎಂದು ನಂಬಿಸುವ ವಿಂಟ್, ಆರ್-ಸ್ಪಾಂಡಿನ್, ನಾಗಿನ್, ಇಜಿಎಫ್ ಎಂಬ ಪ್ರೋಟೀನುಗಳು ಇರುತ್ತವೆ. ಒಂದು ಹನಿಯಲ್ಲಿ ಎಷ್ಟು ಕ್ರಿಪ್ಟು ಎಂಬುದಕ್ಕೆ ಒಂದೊಂದು ಪ್ರಯೋಗಾಲಯದ್ದು ಒಂದೊಂದು ಲೆಕ್ಕ. ತೀರ ವಿರಳವಾದರೆ ಒಂಟಿಯಾಗಿ ಸೊರಗುತ್ತವೆ, ಒತ್ತೊತ್ತಾಗಿದ್ದರೆ ಆಹಾರ ಸಾಲದು.

ಮರುದಿನ ನೋಡಿದರೆ ಬದುಕಿದ ಕೊಳವೆಗಳು ತೆರೆದ ಬಾಯಿ ಮುಚ್ಚಿಕೊಂಡು ದುಂಡಗಾಗಿರುತ್ತವೆ. ವಾರದೊಳಗೆ ತೆಳ್ಳನೆ ಗೋಡೆಯ ಗುಳ್ಳೆಗಳಾಗಿ ಊದುತ್ತವೆ. ನಡುವೆ ಕಪ್ಪು ಕಂಡರೆ ಗಾಬರಿ ಬೇಡ, ಉದುರಿದ ಕೋಶಗಳು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಸೇರಿರುತ್ತವೆ. ಗೋಡೆಯೇ ಕಪ್ಪಾಗಿ ಚೂರುಚೂರಾದರೆ ಚಿಂತಿಸಬೇಕು. ಏಳರಿಂದ ಹತ್ತು ದಿನಕ್ಕೊಮ್ಮೆ ಒಡೆದು ಹೊಸ ಹನಿಗಳಿಗೆ ಹಂಚುತ್ತಾರೆ. ಅಷ್ಟಾದ ಮೇಲೂ ಪರೀಕ್ಷೆ ಮುಗಿಯಲಿಲ್ಲ. ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಸೇರಿಕೊಂಡರೆ ದ್ರವ ಮಬ್ಬಾಗುವುದಿಲ್ಲ, ಕೋಶ ಸಾಯುವುದಿಲ್ಲ, ಫಲಿತಾಂಶಗಳು ಮಾತ್ರ ಸುಳ್ಳಾಗುತ್ತವೆ. ಅದಕ್ಕೆ ಪಿಸಿಆರ್ ಮಾಡಲೇಬೇಕು. ಆರ್ಗನಾಯ್ಡಿನ ಡಿಎನ್‌ಎ ಗುರುತನ್ನು ರೋಗಿಯ ರಕ್ತದ್ದರ ಜತೆ ಹೋಲಿಸಿ, ಸೀಸೆಗಳು ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆಯ ವಿವರ ಕೆಲಸ ಮಾಡುವವರ ಸುರಕ್ಷೆಗೆ ಬೇಕು. ಒಂದೇ ಜಾಗದಿಂದ ತೆಗೆದ ಇನ್ನೊಂದು ಚೂರು ಫಾರ್ಮಲಿನ್ನಿಗೆ ಹೋಗಿದೆಯಲ್ಲ, ಪೆಥಾಲಜಿಸ್ಟರ ಆ ವರದಿಯನ್ನೂ ಇದರ ಜತೆ ಜೋಡಿಸಬೇಕು. ‘ಮೇಲ್ನೋಟಕ್ಕೆ ಚೆನ್ನಾಗಿದೆ’ ಎಂದು ಕ್ಯಾಮೆರಾ ಹೇಳಿದ ಕರುಳಿನಲ್ಲಿ ಉರಿಯೂತ ಇತ್ತೆಂದು ಆಮೇಲೆ ಗೊತ್ತಾದರೆ, ಆರೋಗ್ಯವಂತರ ಮಾದರಿ ಎಂದು ಇಟ್ಟುಕೊಂಡದ್ದು ಆ ಸಾಲಿನಿಂದ ಹೊರಬೀಳುತ್ತದೆ.

ಇಷ್ಟೆಲ್ಲ ಪಡಿಪಾಟಲು ಏಕೆ? ಸಿಸ್ಟಿಕ್ ಫೈಬ್ರೊಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕೋಶಗಳಿಂದ ಉಪ್ಪು-ನೀರು ಹೊರಬಿಡುವ ಬಾಗಿಲು ಕೆಟ್ಟಿರುತ್ತದೆ. 2013ರಲ್ಲಿ ಊಟ್ರೆಕ್ಟಿನವರು ಇಂಥ ರೋಗಿಗಳ ಗುದನಾಳದ ಚೂರಿನಿಂದ ಆರ್ಗನಾಯ್ಡ್ ಬೆಳೆಸಿ, ಫೋರ್‌ಸ್ಕೋಲಿನ್ ಎಂಬ ವಸ್ತುವನ್ನು ಹಾಕಿದರು. ಬಾಗಿಲು ಸರಿಯಿದ್ದರೆ ಗುಳ್ಳೆಯೊಳಗೆ ನೀರು ತುಂಬಿ ಒಂದು ಗಂಟೆಯೊಳಗೆ ಊದುತ್ತದೆ, ಕೆಟ್ಟಿದ್ದರೆ ಇಲ್ಲ. ಔಷಧ ಕೊಟ್ಟ ಮೇಲೆ ಊದಿದರೆ ಆ ಔಷಧ ಆ ರೋಗಿಗೆ ಒಗ್ಗುತ್ತದೆ ಎಂಬ ಬಲವಾದ ಸುಳಿವು. ದೊಡ್ಡ ಔಷಧ ಪ್ರಯೋಗ ನಡೆಸುವಷ್ಟು ರೋಗಿಗಳೇ ಸಿಗದ ಅಪರೂಪದ ಮ್ಯುಟೇಶನ್ ಇರುವವರಿಗೆ ಇದು ವರ. 1972ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ ನೊರೊವೈರಸ್ಸನ್ನು, ವಾಂತಿ-ಭೇದಿ ತರಿಸುವ ಅದನ್ನು, ಮನುಷ್ಯರ ಕರುಳಿನ ಕೋಶಗಳಲ್ಲಿ ಬೆಳೆಸಲು ಅಮೆರಿಕದ ಮೇರಿ ಎಸ್ಟೆಸ್ ತಂಡಕ್ಕೆ ಸಾಧ್ಯವಾದದ್ದು 2016ರಲ್ಲಿ, ಇಂಥದೇ ಬಯಾಪ್ಸಿ ಚೂರುಗಳಿಂದ ಬೆಳೆಸಿದ ಆರ್ಗನಾಯ್ಡುಗಳಿಂದಾಗಿ. 2018ರಲ್ಲಿ ಲಂಡನ್ನಿನ ತಂಡವೊಂದು ಹರಡಿದ ಜೀರ್ಣಾಂಗದ ಕ್ಯಾನ್ಸರಿನ ಆರ್ಗನಾಯ್ಡುಗಳ ಮೇಲೆ ಔಷಧ ಪರೀಕ್ಷಿಸಿತು. ಅಲ್ಲಿ ಕೆಲಸ ಮಾಡದ ಔಷಧ ರೋಗಿಯ ಮೈಯಲ್ಲೂ ಕೆಲಸ ಮಾಡಲಿಲ್ಲ. ರೋಗಿಗಳ ಸಂಖ್ಯೆ ಸಣ್ಣದು, ಅಷ್ಟಕ್ಕೇ ಹಿಗ್ಗಬೇಕಿಲ್ಲ.

ಮಿತಿಗಳೂ ಸಣ್ಣವಲ್ಲ. ಆರ್ಗನಾಯ್ಡಿಗೆ ರಕ್ತನಾಳವಿಲ್ಲ, ನರವಿಲ್ಲ, ರೋಗನಿರೋಧಕ ಕೋಶಗಳಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳೂ ಇಲ್ಲ. ಅನ್ನ ತಾಗುವ ಮುಖ ಒಳಗಡೆಗಿದೆ, ಔಷಧವನ್ನು ಆ ಬದಿಗೆ ಮುಟ್ಟಿಸಬೇಕಾದರೆ ಚುಚ್ಚಬೇಕು ಇಲ್ಲವೇ ಗುಳ್ಳೆಯನ್ನೇ ಒಳಮೈ ಹೊರಗಾಗುವಂತೆ ತಿರುಗಿಸಬೇಕು. ಕರುಳನ್ನೇ ಬೆಳೆಸಿಬಿಟ್ಟರು ಎಂಬ ತಲೆಬರಹಗಳನ್ನು ನಂಬಬೇಡಿ.

ಈಗ ಹೈದರಾಬಾದಿನ ಮಾತು. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಆರ್ಗನಾಯ್ಡ್, ಅಂಗಗಳ ಚಿಪ್ ಮೊದಲಾದ ಮಾನವಕೋಶ ಆಧಾರಿತ ವಿಧಾನಗಳ ಫಲಿತಾಂಶಕ್ಕೂ ಮಾನ್ಯತೆ ಕೊಟ್ಟಿತು. ಅದಕ್ಕೆ ಮೂರು ತಿಂಗಳು ಮುಂಚೆ, 2022ರ ಡಿಸೆಂಬರಿನಲ್ಲಿ, ಅಮೆರಿಕ ಇಂಥದೇ ಕಾನೂನು ಮಾಡಿತ್ತು. ಉಪ್ಪಲ್ ರಸ್ತೆಯ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಅಟಲ್ ಇನ್‌ಕ್ಯುಬೇಶನ್ ಸೆಂಟರಿನಲ್ಲಿ ಪ್ರಾಣಿಗಳಿಲ್ಲದ ಇಂಥ ಮಾದರಿಗಳನ್ನು ಮುಂದಕ್ಕೆ ಒಯ್ಯಲೆಂದೇ ಒಂದು ಕೇಂದ್ರ ಇದೆ, ಸೆಂಟರ್ ಫಾರ್ ಪ್ರೆಡಿಕ್ಟಿವ್ ಹ್ಯೂಮನ್ ಮಾಡೆಲ್ ಸಿಸ್ಟಮ್ಸ್ ಎಂದು. ಅದೇ ನಗರದ ಹೊರವಲಯದ ಜೀನೋಮ್ ವ್ಯಾಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಪ್ರಯೋಗಪ್ರಾಣಿ ಸಂಸ್ಥೆಯೂ ಇದೆ. ಎರಡೂ ಒಂದೇ ಊರಲ್ಲಿರುವುದು ವಿರೋಧಾಭಾಸ ಅನ್ನಿಸಬಹುದು. ಸದ್ಯಕ್ಕೆ ಎರಡೂ ಬೇಕು ಎಂಬುದೇ ನಿಜ. ಅಂದಹಾಗೆ ‘ಪ್ರಾಣಿಮುಕ್ತ’ ಎನ್ನುವಾಗ ಮೆತ್ತಗೆ ಹೇಳಬೇಕು. ಮ್ಯಾಟ್ರಿಜೆಲ್ ತಯಾರಾಗುವುದು ಇಲಿಯ ಗಡ್ಡೆಯಿಂದ.

ಹೊಟ್ಟೆಯ ಕಾಯಿಲೆಗೆ ದೇಶವೇ ಬರುವಂಥ ಆಸ್ಪತ್ರೆ, ಡಾ. ಡಿ. ನಾಗೇಶ್ವರ ರೆಡ್ಡಿಯವರ ಎಐಜಿ, ಗಚ್ಚಿಬೌಲಿಯಲ್ಲಿದೆ. ಸಿಸಿಎಂಬಿ ಇರುವುದು ಊರಿನ ಇನ್ನೊಂದು ತುದಿಯ ಹಬ್ಸಿಗುಡದಲ್ಲಿ. ನಡುವೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ, ಮೆಹದಿಪಟ್ಟಣಂ, ಟೋಲಿಚೌಕಿಯಂಥ ಕಡೆ ಸಂಜೆ ಸಿಕ್ಕಿಕೊಂಡರೆ ದೇವರೇ ಗತಿ. 2022ರ ಜನವರಿಯಲ್ಲಿ ಶೇಖ್‌ಪೇಟೆ ಫ್ಲೈಓವರ್ ತೆರೆದ ಮೇಲೆ ಒಂದಿಷ್ಟು ಹಗುರಾಯಿತು, ಅಷ್ಟೇ. ತಣ್ಣಗಿನ ಡಬ್ಬಿ ಇದ್ದರೆ ಈ ದೂರ ಏನೂ ಅಲ್ಲ. ಆದರೆ ಡಬ್ಬಿಯನ್ನು ಯಾರು ಕೊಡುತ್ತಾರೆ, ಐಸ್ ಪ್ಯಾಕನ್ನು ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟವರು ಯಾರು, ಸೀಸೆಯ ಮೇಲೆ ನಿಮಿಷ ಸಮೇತ ಸಮಯ ಬರೆಯುವ ಹೊಣೆ ಯಾರದು ಎಂದು ಮೊದಲೇ ಗೊತ್ತಾಗಿರಬೇಕು. ನಮ್ಮಲ್ಲಿ ಯೋಜನೆಯ ದುಡ್ಡು ಸೂಕ್ಷ್ಮದರ್ಶಕಕ್ಕೆ ಸಲೀಸಾಗಿ ಸಿಗುತ್ತದೆ. ಎಂಡೋಸ್ಕೋಪಿ ಕೋಣೆಯಲ್ಲಿ ನಿಂತು ಕಾಯುವ ಒಬ್ಬ ಟೆಕ್ನೀಶಿಯನ್ನಿನ ಸಂಬಳಕ್ಕೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಮೊದಲು ಬೇಕಾದದ್ದು ಆ ಮನುಷ್ಯ.

ಆಮೇಲೆ ಒಪ್ಪಿಗೆಯ ಪ್ರಶ್ನೆ. ರೋಗ ಪತ್ತೆಗೆಂದು ತೆಗೆಯುವ ಚೂರಿಗೆ ಕೊಟ್ಟ ಸಹಿ ಮೂರನೆಯ ಸೀಸೆಗೆ ಅನ್ವಯಿಸುವುದಿಲ್ಲ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಸಂಶೋಧನೆಗೆ ಬೇರೆ ಒಪ್ಪಿಗೆ ಬೇಕು, ಅದೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ. ಹೈದರಾಬಾದಿನ ಆಸ್ಪತ್ರೆಯಲ್ಲಿ ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಎಂದರೆ ಸಾಕೆಂಬ ಭಾವನೆ ಸಹಜ. ಬೀದರ್, ಯಾದಗಿರಿ, ರಾಯಚೂರಿನಿಂದ ಬಂದವರಿಗೆ ಕನ್ನಡದ ಕಾಗದವೂ ಇರಬೇಕು. ಹೇಳಬೇಕಾದದ್ದು ಬಹಳವೇನಿಲ್ಲ: ಇನ್ನೆರಡು ಚೂರು ಹೆಚ್ಚು ತೆಗೆಯುತ್ತೇವೆ, ರಕ್ತ ಜಿನುಗುವ ಅಪಾಯ ಕಡಿಮೆ ಆದರೆ ಇಲ್ಲವೇ ಇಲ್ಲ ಎಂದಲ್ಲ, ನಿಮ್ಮ ಕೋಶಗಳು ನಿಮ್ಮ ಹೆಸರಿಲ್ಲದೆ ವರ್ಷಗಟ್ಟಲೆ ಫ್ರೀಜರಿನಲ್ಲಿ ಬದುಕಿರುತ್ತವೆ, ಔಷಧ ಕಂಪನಿಗಳಿಗೂ ಹೋಗಬಹುದು, ಅದರಿಂದ ಬಂದ ಲಾಭದಲ್ಲಿ ನಿಮಗೆ ಪಾಲಿದೆಯೇ ಇಲ್ಲವೇ ಎಂಬುದು ಇಲ್ಲಿ ಬರೆದಿದೆ, ನಾಳೆ ಬೇಡ ಎಂದರೆ ಉಳಿದ ಸೀಸೆಗಳನ್ನು ನಾಶಮಾಡುತ್ತೇವೆ, ಆದರೆ ಅಷ್ಟರಲ್ಲಿ ಮುಗಿದುಹೋದ ಪ್ರಯೋಗದ ಫಲಿತಾಂಶವನ್ನು ಹಿಂದಕ್ಕೆ ತರಲಾಗದು, ಬೇಡ ಎಂದರೆ ನಿಮ್ಮ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗದು.

ಇದನ್ನು ಕೇಳುವ ಹೊತ್ತೂ ಮುಖ್ಯ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಕೈಗೆ ಸೂಜಿ ಹಾಕಿ, ಮಂಪರಿನ ಮದ್ದು ಹಿಡಿದು ನಿಂತಾಗ ಅಲ್ಲ. ಹಿಂದಿನ ದಿನ, ಹೊಟ್ಟೆ ಖಾಲಿ ಮಾಡುವ ಪುಡಿಯ ಪೊಟ್ಟಣ ಕೊಟ್ಟು, ಎಷ್ಟು ನೀರಿಗೆ ಕಲಸಿ ಯಾವಾಗ ಕುಡಿಯಬೇಕು ಎಂದು ಹೇಗೂ ಕೂರಿಸಿಕೊಂಡು ಹೇಳುತ್ತಾರೆ. ಆಗಲೇ ಈ ಕಾಗದವನ್ನೂ ಕೊಡಬಹುದು. ಜತೆಗೆ ಬಂದ ಮಗನೋ ಅಳಿಯನೋ ಲಾಡ್ಜಿನಲ್ಲಿ ಕೂತು ಓದಿ ಹೇಳಲಿಕ್ಕೆ ಒಂದು ರಾತ್ರಿ ಸಿಗುತ್ತದೆ.